ನದಿ ದಡದ ಕಾಮಗಾರಿಯಿಂದ ಸಂರಕ್ಷಿತ ಕಡಲ ಜೀವಿಗಳಿಗೆ ಎಷ್ಟು ತೊಂದರೆ ಅಂತ ಮೊದಲೇ ಹೇಗೆ ಅಂದಾಜು ಮಾಡುತ್ತಾರೆ?

ಸುಮ್ನೆ ಪ್ರಾಣಿಗಳ ಪಟ್ಟಿ ಮಾಡಿದರೆ ಸಾಲದು. ಯಾವ ಜೀವಿ ಯಾವ ತಿಂಗಳಲ್ಲಿ ಅಲ್ಲಿರುತ್ತದೆ, ಅದೇ ಹೊತ್ತಿಗೆ ನೀರಲ್ಲಿ ಏನು ಕೆಲಸ ನಡೆಯುತ್ತಿರುತ್ತದೆ ಅನ್ನೋದೇ ಮುಖ್ಯ.

ನ್ಯೂಯಾರ್ಕಿನ ಹಡ್ಸನ್ ನದಿಯ ಟ್ಯಾಪನ್ ಝೀ ಸೇತುವೆಯನ್ನೇ ನೋಡಿ. ಹಳೆಯದರ ಪಕ್ಕ ಹೊಸದು ಕಟ್ಟುವ ಕೆಲಸ 2013ರಲ್ಲಿ ಶುರುವಾಯಿತು. ಅಲ್ಲಿರುವ ಅಟ್ಲಾಂಟಿಕ್ ಸ್ಟರ್ಜನ್ ಮೀನು ದೊಡ್ಡದಾದ ಮೇಲೆ ಕಡಲಲ್ಲಿದ್ದು, ಮೊಟ್ಟೆಯಿಡಲು ನದಿಗೆ ಬರುತ್ತದೆ. 2012ರಲ್ಲಷ್ಟೇ ಅದು ಅಳಿವಿನಂಚಿನ ಪಟ್ಟಿಗೆ ಸೇರಿತ್ತು. ಅಮೆರಿಕದ 1973ರ ಅಳಿವಿನಂಚಿನ ಜೀವಿಗಳ ಕಾಯ್ದೆ ಪ್ರಕಾರ, ಇಂಥ ಕೆಲಸಕ್ಕೆ ಅನುಮತಿ ಅಥವಾ ದುಡ್ಡು ಕೊಡುವ ಕೇಂದ್ರ ಇಲಾಖೆ ಮೊದಲು ರಾಷ್ಟ್ರೀಯ ಸಾಗರ ಮೀನುಗಾರಿಕೆ ಸೇವೆಯ ಜೊತೆ ಸಮಾಲೋಚನೆ ಮಾಡಬೇಕು.

ಇಲ್ಲಿ ದೊಡ್ಡ ತಲೆನೋವು ಸದ್ದು. ಉಕ್ಕಿನ ಕಂಬಗಳನ್ನು ನದಿತಳಕ್ಕೆ ಬಡಿಯುವಾಗ ಏಳುವ ಒತ್ತಡದ ಅಲೆ ಮೀನಿನ ಒಳಗಿರುವ ಗಾಳಿಚೀಲವನ್ನು ಒಮ್ಮೆ ಹಿಂಡಿ ಮರುಕ್ಷಣ ಉಬ್ಬಿಸುತ್ತದೆ, ಜೋರಾದರೆ ಅದು ಒಡೆದೇ ಹೋಗಬಹುದು, ಸುತ್ತಲಿನ ಅಂಗಗಳಿಗೂ ಪೆಟ್ಟಾಗಬಹುದು. ಗಾಯದ ಮಿತಿಯಾಗಿ 206 ಡೆಸಿಬೆಲ್ ಶಿಖರ ಮಟ್ಟವನ್ನು ಇಟ್ಟುಕೊಳ್ಳುತ್ತಾರೆ. (ಇದು ನೀರಿನೊಳಗಿನ ಅಳತೆ, ಲೌಡ್‌ಸ್ಪೀಕರ್ ಡೆಸಿಬೆಲ್ ಜೊತೆ ಹೋಲಿಸಬೇಡಿ.) ಹಾಗಾಗಿ ಸದ್ದು ಎಷ್ಟು ದೂರ ಹೋಗುತ್ತದೆ ಅಂತ ಲೆಕ್ಕ ಹಾಕಿ, ಅದನ್ನು ತಗ್ಗಿಸಲು ಕಂಬದ ಸುತ್ತ ಗಾಳಿಗುಳ್ಳೆಗಳ ಪರದೆ ಎಬ್ಬಿಸಿದರು. ಹೂಳೆತ್ತುವುದಕ್ಕೂ ವರ್ಷದ ಕೆಲವೇ ತಿಂಗಳು ಅವಕಾಶವಿತ್ತು.

ಜನ ಜಾಸ್ತಿ ಮರೆಯುವುದು ದೋಣಿಗಳನ್ನು. ಕಾಮಗಾರಿ ದೋಣಿಗಳ ಪ್ರೊಪೆಲರ್‌ಗೆ ಸಿಕ್ಕಿಯೂ ಸ್ಟರ್ಜನ್ ಸಾಯುತ್ತದೆ ಅಲ್ವಾ, ಅದೂ ಲೆಕ್ಕಕ್ಕೆ ಬರಲೇಬೇಕು.

ಇಂಥ ವರದಿ ನಿಮ್ಮ ಕೈಗೆ ಸಿಕ್ಕರೆ ಸಮೀಕ್ಷೆ ಯಾವ ತಿಂಗಳಲ್ಲಿ ನಡೆದಿದೆ ಅಂತ ಮೊದಲು ನೋಡಿ. ಮೊಟ್ಟೆಯಿಡುವ ಕಾಲ ಬಿಟ್ಟು ಮಾಡಿದ್ದರೆ, ‘ಏನೂ ಕಾಣಲಿಲ್ಲ’ ಅನ್ನುವ ಮಾತನ್ನು ನಾನಂತೂ ನಂಬುವುದಿಲ್ಲ.