ಪಂದಿ ಕರಿ ಊಟಕ್ಕೂ ಲೆವೊಡೋಪಾ ಮಾತ್ರೆಗೂ ಏನು ಸಂಬಂಧ?

ವಿರಾಜಪೇಟೆಯಿಂದ ಕೇಳಿದ್ದೀರಿ: ತಂದೆಯವರಿಗೆ ಪಾರ್ಕಿನ್ಸನ್, ಪಂದಿ ಕರಿ (ಹಂದಿ ಮಾಂಸದ ಸಾರು) ಊಟದ ದಿನ ಲೆವೊಡೋಪಾ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ, ಇದು ಸುಮ್ನೆ ಅನುಮಾನವಾ ಅಂತ. ಅಲ್ಲ, ನೀವು ಗಮನಿಸಿದ್ದು ಸರಿಯಿರಬಹುದು.

ಪ್ರೋಟೀನಿನ ಇಟ್ಟಿಗೆಗಳೇ ಅಮೈನೋ ಆಮ್ಲಗಳು. ಲೆವೊಡೋಪಾ ಕೂಡ ಅಮೈನೋ ಆಮ್ಲವೇ. ಆದರೆ ದೇಹ ಪ್ರೋಟೀನ್ ಕಟ್ಟಲು ಅದನ್ನು ಬಳಸುವುದಿಲ್ಲ. ಮಿದುಳಿಗೆ ಬೇಕಿರುವುದು ಡೋಪಮೈನ್ ಎಂಬ ರಾಸಾಯನಿಕ. ಅದನ್ನೇ ಕೊಟ್ಟರೆ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಲೆವೊಡೋಪಾ ದಾಟುತ್ತದೆ, ಎಲ್‌ಎಟಿ1 ಎಂಬ ಸಾಗಣೆ ಪ್ರೋಟೀನಿನ ಮೂಲಕ; ಒಳಗೆ ಹೋದ ಮೇಲೆ ಡೋಪಮೈನ್ ಆಗುತ್ತದೆ. ಮಾಂಸ ಜೀರ್ಣವಾದಾಗ ಬರುವ ಅಮೈನೋ ಆಮ್ಲಗಳಾದ ಲ್ಯೂಸಿನ್, ಫಿನೈಲಲನಿನ್‌ಗಳಿಗೂ ಅದೇ ಬಸ್ಸು. ಪುತ್ತರಿ ಹಬ್ಬದ ಹಿಂದಿನ ದಿನದ ಮಡಿಕೇರಿ ಬಸ್ಸಿನ ಹಾಗೆ, ಜನ ಜಾಸ್ತಿ, ಸೀಟು ಕಡಿಮೆ.

1984ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಪಾರ್ಕಿನ್ಸನ್ ರೋಗಿಗಳಿಗೆ ಲೆವೊಡೋಪಾವನ್ನು ನೇರ ರಕ್ತನಾಳಕ್ಕೇ ಹರಿಸಿದರು. ಹೊಟ್ಟೆ, ಕರುಳಿನ ತಂಟೆಯೇ ಇಲ್ಲ. ಆಮೇಲೆ ಪ್ರೋಟೀನ್ ಜಾಸ್ತಿ ಇರುವ ಊಟ ಕೊಟ್ಟರು. ರಕ್ತದಲ್ಲಿ ಔಷಧದ ಪ್ರಮಾಣ ಕಡಿಮೆಯಾಗಲಿಲ್ಲ, ಆದರೂ ಗುಣ ಹೋಯಿತು! ಲ್ಯೂಸಿನ್ ಕೊಟ್ಟಾಗಲೂ ಹಾಗೇ ಆಯಿತು. ಬೇರೆ ದಾರಿಯಲ್ಲಿ ಸಾಗುವ ಗ್ಲೈಸಿನ್, ಲೈಸಿನ್ ಕೊಟ್ಟಾಗ ಆಗಲಿಲ್ಲ. ಅಂದರೆ ಜಗಳ ನಡೆಯುವುದು ಮಿದುಳಿನ ಬಾಗಿಲಲ್ಲೂ ಹೌದು, ಅಲ್ವಾ?

ಹಾಗಂತ ಮಾಂಸ ಬಿಡಿಸಬೇಡಿ. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ ಕೊಡಲು ಹೇಳುತ್ತಾರೆ. ಹೊತ್ತು ಬದಲಿಸುವ ಮುಂಚೆ ನಿಮ್ಮ ನರರೋಗ ವೈದ್ಯರನ್ನು ಕೇಳಿ.

ಇನ್ನು ತೋಟದ ಬೇಲಿಯ ನಸುಗುನ್ನಿ ಬೀಜದ ಪುಡಿ. ಅದರಲ್ಲೂ ಲೆವೊಡೋಪಾ ಇದೆ, 1937ರಲ್ಲೇ ಬೇರ್ಪಡಿಸಿದ್ದಾರೆ. ಆದರೆ ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುತ್ತದೆ. ಮಾತ್ರೆಯ ಜೊತೆ ಅದನ್ನೂ ಕೊಡುವುದು ಬೇಡವೇ ಬೇಡ.