ನ್ಯುಮೋನಿಯಾ: ಎಮರ್ಜೆನ್ಸಿಯಲ್ಲಿ ಮೊದಲ ಡೋಸ್ ತಡವಾಗುವುದು ಎಲ್ಲಿ?

ನಿಮ್ಮ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನ್ಯುಮೋನಿಯಾ ರೋಗಿಗೆ ಆ್ಯಂಟಿಬಯೋಟಿಕ್‌ನ ಮೊದಲ ಡೋಸ್ ಸಿಗಲು 5 ಗಂಟೆ ಹಿಡಿಯುತ್ತಿದ್ದರೆ, ಬಹುಶಃ ಎರಡು ಕೆಲಸಗಳ ನಡುವೆ ಕಾಯುವುದರಲ್ಲೇ ಹೊತ್ತು ಹೋಗುತ್ತಿದೆ. ಎಕ್ಸ್‌ರೇ ತೆಗೆದಾಗಿರುತ್ತದೆ, ನೋಡಿದವರಿಲ್ಲ. ಔಷಧಿ ಬರೆದಾಗಿರುತ್ತದೆ, ಮನೆಯವರು ಚೀಟಿ ಹಿಡಿದು ಬಿಲ್ಲಿಂಗ್ ಕೌಂಟರ್ ಮುಂದೆ ನಿಂತಿರುತ್ತಾರೆ.

ಮೊದಲು 20 ಹಳೆಯ ಕೇಸ್ ಶೀಟ್ ತೆಗೆಯಿರಿ. ರೋಗಿ ಬಂದ, ಡಾಕ್ಟರ್ ನೋಡಿದ, ಎಕ್ಸ್‌ರೇ ಆದ, ಔಷಧಿ ಬರೆದ, ಕೊಟ್ಟ ಸಮಯ ಸಾಲಾಗಿ ಬರೆದುಕೊಳ್ಳಿ. ಆಮೇಲೆ ರಾತ್ರಿ ಪಾಳಿಯಲ್ಲಿ ರೋಗಿಯ ಜೊತೆಗೇ ಓಡಾಡಿ ನೋಡಿ. ಶೀಟಿನಲ್ಲಿರುವ ಸಮಯ ಎಷ್ಟೋ ಸಲ ಸುಮ್ನೆ ಅಂದಾಜಿನದು. ಅತಿ ದೊಡ್ಡ ಅಂತರ ಒಂದನ್ನೇ ಹಿಡಿಯಿರಿ. ಬಿಲ್ಲಿಂಗ್‌ನಲ್ಲಿ ತಡವಾದರೆ ಮೊದಲ ಡೋಸ್ ಎಮರ್ಜೆನ್ಸಿ ಕಪಾಟಿನಲ್ಲೇ ಇರಲಿ, ಬಿಲ್ ಆಮೇಲೆ ಆಗಲಿ.

ಇಷ್ಟು ಗಂಟೆಯೊಳಗೆ ಮೊದಲ ಡೋಸ್ ಕೊಡಬೇಕೆಂಬ ಗಡುವನ್ನು ಮಾತ್ರ ತೀರಾ ಬಿಗಿ ಮಾಡಬೇಡಿ. ಅಮೆರಿಕದಲ್ಲಿ 4 ಗಂಟೆ ಅಂತ ಇಟ್ಟಾಗ ನ್ಯುಮೋನಿಯಾ ಇಲ್ಲದವರಿಗೂ ಆ್ಯಂಟಿಬಯೋಟಿಕ್ ಹೋಯಿತು. ಮುಂದೆ 6ಕ್ಕೆ ಏರಿಸಬೇಕಾಯಿತು. ಆದರೆ ಬಿಪಿ ಇಳಿದು ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳೇ ಕೆಡುವ ಅಪಾಯದ ಸ್ಥಿತಿ) ಅನುಮಾನ ಬಂದರೆ ಆ್ಯಂಟಿಬಯೋಟಿಕ್ ಕೊಡಲು ಎಕ್ಸ್‌ರೇ ರಿಪೋರ್ಟಿಗೆ ಕಾಯುವುದೇ ಬೇಡ.