ದಾವಣಗೆರೆಯ ನಮ್ಮ ಮನೆಯ ಲಾನ್‌ನಲ್ಲಿ ಮಳೆಗಾಲ ಬಂದರೆ ದುಂಡಗೆ ಕಂದು ಮಚ್ಚೆ ಬೀಳುತ್ತೆ. ಯಾವ ಔಷಧಿ ಹೊಡೀಲಿ?

ಔಷಧಿಗಿಂತ ಮುಂಚೆ ಮಚ್ಚೆಯ ಅಂಚಿನ ಹುಲ್ಲು ಹಿಡಿದು ಎಳೆದು ನೋಡಿ. ಬೇರು ಕಳಚಿ ಚಾಪೆಯಂತೆ ಎದ್ದು ಬಂದರೆ ಅದು ಗೊಣ್ಣೆಹುಳು, ಶಿಲೀಂಧ್ರನಾಶಕ ಹಾಕಿ ದುಡ್ಡು ದಂಡ. ಬೇರು ಗಟ್ಟಿಯಿದ್ದು ಎಲೆ ಮಾತ್ರ ಕೊಳೆತಿದ್ದರೆ ಶಿಲೀಂಧ್ರವೇ ಇರಬೇಕು.

ಮಚ್ಚೆ ಅಡಿಗಟ್ಟಲೆ ಅಗಲವಿದ್ದರೆ ಸಾಮಾನ್ಯವಾಗಿ ರೈಜೋಕ್ಟೋನಿಯ ಅನ್ನೋ ಶಿಲೀಂಧ್ರ. ಯೂರಿಯಾ ಜಾಸ್ತಿಯಾದ ಮೆತ್ತನೆ ಹುಲ್ಲು ಅಂದರೆ ಅದಕ್ಕೆ ಹಬ್ಬ, ಹಾಗಾಗಿ ಗೊಬ್ಬರ ನಿಲ್ಲಿಸಿ. ನಾಣ್ಯದಷ್ಟೇ ಚಿಕ್ಕ, ಒಣಹುಲ್ಲಿನ ಬಣ್ಣದ ಚುಕ್ಕೆಗಳಾದರೆ ಡಾಲರ್ ಸ್ಪಾಟ್ ಅನ್ನೋ ಇನ್ನೊಂದು ಶಿಲೀಂಧ್ರ ರೋಗ. ಅದು ಬರೋದು ಹೆಚ್ಚಾಗಿ ಸಾರಜನಕ ಸಾಲದ ಹುಲ್ಲಿಗೆ. ಅಲ್ಲಿ ಸ್ವಲ್ಪ ಗೊಬ್ಬರವೇ ಅರ್ಧ ಮದ್ದು.

ಎರಡಕ್ಕೂ ಮೂಲ ಕಾರಣ ರಾತ್ರಿಯಿಡೀ ಎಲೆ ಒದ್ದೆಯಿರೋದು. ಸಂಜೆ ಪೈಪ್ ಹಿಡಿಯೋ ಅಭ್ಯಾಸ ಬಿಡಿ, ಬೆಳಗ್ಗೆಯೇ ನೀರು ಹಾಕಿ, ಅದೂ ಮಣ್ಣು ಒಣಗಿದ್ದರೆ. ಎರೆಮಣ್ಣಾದರೆ ನೀರು ಇಂಗದೆ ನಿಲ್ಲುತ್ತೆ. ಗಾರ್ಡನ್ ಫೋರ್ಕಿನಿಂದ ತೂತು ಮಾಡಿ ಮರಳು, ಕಾಂಪೋಸ್ಟ್ ತುಂಬಿ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ.

ಇಷ್ಟಾದರೂ ಹಬ್ಬುತ್ತಿದ್ದರೆ ಪ್ರೊಪಿಕೊನಜೋಲ್ 25 ಇಸಿ ಅನ್ನೋ ಶಿಲೀಂಧ್ರನಾಶಕ, ಲೀಟರ್ ನೀರಿಗೆ 1 ಮಿ.ಲೀ., ಮಳೆ ಬಿಡುವು ಕೊಟ್ಟ ದಿನ ಸಿಂಪಡಿಸಿ. ಒಣಗುವವರೆಗೆ ಮಕ್ಕಳು, ನಾಯಿ ಅತ್ತ ಹೋಗಬಾರದು. ಚನ್ನಗಿರಿ ಕಡೆ ಅಡಿಕೆ ತೋಟ ಇರೋರು ಉಳಿದ ಬೋರ್ಡೋ ದ್ರಾವಣವನ್ನೇ (ಮೈಲುತುತ್ತ, ಸುಣ್ಣ ಬೆರೆಸಿದ್ದು) ಲಾನಿಗೂ ಹೊಡೆಯೋಣ ಅಂತ ಹೊರಡಬಹುದು. ಬೇಡ, ಅದರಲ್ಲಿರೋ ತಾಮ್ರಕ್ಕೆ ಹುಲ್ಲಿನ ಎಲೆ ಸುಟ್ಟೀತು.